ಉಪ್ಪಿನ ಮೇಲೆ ಕಟ್ಟಿದ ಪಟ್ಟಣ: ಟಾಲಿನ್‌ನಲ್ಲಿ ಮೂರು ದಿನ

ವ್ಯಾಪಾರ ಮೇಳಕ್ಕೆಂದೋ, ಯಂತ್ರೋಪಕರಣಗಳ ಖರೀದಿಯ ಮಾತುಕತೆಗೆಂದೋ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಗೆ ಹೋಗುವ ಉದ್ಯಮಿಗಳಿಗೆ ಕೆಲಸ ಮುಗಿದ ಮೇಲೆ ಎರಡು ಮೂರು ದಿನ ಉಳಿಯುವುದುಂಟು. ಆ ದಿನಗಳನ್ನು ಅಂಗಡಿ ಬೀದಿಗಳಲ್ಲಿ ಕಳೆಯುವ ಬದಲು ಬಂದರಿಗೆ ಹೋಗಿ ಹಡಗು ಹತ್ತಿದರೆ, ಸುಮಾರು 80 ಕಿ.ಮೀ. ಅಗಲದ ಫಿನ್‌ಲ್ಯಾಂಡ್ ಕೊಲ್ಲಿಯನ್ನು ಎರಡು ಗಂಟೆಯಲ್ಲಿ ದಾಟಿ ಎಸ್ಟೋನಿಯದ ರಾಜಧಾನಿ ಟಾಲಿನ್ ತಲುಪಬಹುದು. ಹಡಗು ದಡ ಸಮೀಪಿಸುತ್ತಿದ್ದಂತೆ ಕಾಣುವುದು ಕೆಂಪು ಹೆಂಚಿನ ಮಾಡುಗಳು, ಕೋಟೆಯ ದುಂಡು ಬುರುಜುಗಳು ಮತ್ತು ಅವೆಲ್ಲವನ್ನೂ ಮೀರಿ ನಿಂತ ಒಲೆವಿಸ್ಟೆ ಚರ್ಚಿನ ಮೊನಚು ಗೋಪುರ. ಐದುನೂರು ವರ್ಷಗಳ ಹಿಂದೆ ಲ್ಯೂಬೆಕ್‌ನಿಂದ ಉಪ್ಪು ಹೇರಿಕೊಂಡು ಬಂದ ನಾವಿಕರಿಗೂ ದೂರದಿಂದ ದಾರಿ ತೋರಿದ್ದು ಅದೇ ಗೋಪುರ.

ಟಾಲಿನ್‌ನ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಇಡೀ ಎಸ್ಟೋನಿಯ ದೇಶದ್ದು ಹದಿನಾಲ್ಕು ಲಕ್ಷಕ್ಕೂ ಕಡಿಮೆ. ನೋಡತಕ್ಕ ಹಳೆಯ ಪಟ್ಟಣವೋ ಕಾಲ್ನಡಿಗೆಯಲ್ಲಿ ಅರ್ಧ ಗಂಟೆಯೊಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಗಿದುಹೋಗುವಷ್ಟು ಚಿಕ್ಕದು. ಯುನೆಸ್ಕೋ ಸಂಸ್ಥೆ 1997ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನ ರಾಜಧಾನಿಗಳನ್ನು ನೋಡಿದವರಿಗೆ ಅರಮನೆ, ಚರ್ಚು, ವಸ್ತುಸಂಗ್ರಹಾಲಯಗಳು ಹೊಸತಲ್ಲ. ಟಾಲಿನ್‌ನ ವಿಶೇಷವೆಂದರೆ ಅದನ್ನು ಕಟ್ಟಿದವರು ರಾಜರಲ್ಲ, ವರ್ತಕರು. ಅವರು ಮಾಡಿದ ಲಾಭವೂ, ಎಸಗಿದ ತಪ್ಪೂ ಕಲ್ಲಿನಲ್ಲಿ ಉಳಿದುಕೊಂಡಿವೆ.

ಮೊದಲ ದಿನ: ಪಿಕ್ ಬೀದಿ

ಡೆನ್ಮಾರ್ಕಿನ ದೊರೆ ಎರಡನೆಯ ವಾಲ್ಡೆಮಾರ್ 1219ರಲ್ಲಿ ಇಲ್ಲಿನ ಗುಡ್ಡದ ಮೇಲಿನ ಕೋಟೆಯನ್ನು ಗೆದ್ದನು. 'ಡೇನರ ಕೋಟೆ' ಎಂಬ ಅರ್ಥದ ಮಾತಿನಿಂದ ಟಾಲಿನ್ ಎಂಬ ಹೆಸರು ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಜರ್ಮನ್ ವರ್ತಕರ ಬಾಯಲ್ಲಿ ಇದು ಶತಮಾನಗಳ ಕಾಲ ರೆವಾಲ್ ಆಗಿತ್ತು. 1248ರಲ್ಲಿ ಪಟ್ಟಣಕ್ಕೆ ಲ್ಯೂಬೆಕ್ ನಗರದ ಕಾನೂನು ಜಾರಿಗೆ ಬಂದಿತು. ಅನಂತರ ಅದು ಹಾನ್ಸಾ ಒಕ್ಕೂಟದ, ಅಂದರೆ ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳ ವ್ಯಾಪಾರವನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದ ನಗರಗಳ ಕೂಟದ, ಪೂರ್ವ ದಿಕ್ಕಿನ ಮುಖ್ಯ ಠಾಣ್ಯವಾಯಿತು. 1346ರಲ್ಲಿ ಡೆನ್ಮಾರ್ಕಿನ ದೊರೆ ಇಡೀ ಉತ್ತರ ಎಸ್ಟೋನಿಯವನ್ನು ಟ್ಯೂಟಾನಿಕ್ ಧರ್ಮಯೋಧರಿಗೆ ಹಣಕ್ಕೆ ಮಾರಿಬಿಟ್ಟನು. ಒಡೆಯರು ಬದಲಾದರೂ ಪೇಟೆಯ ವಹಿವಾಟು ನಿಲ್ಲಲಿಲ್ಲ.

ಬಂದರಿನ ಕಡೆಯಿಂದ ಊರೊಳಗೆ ಹೋಗುವ ಬೀದಿಯೇ ಪಿಕ್, ಎಂದರೆ ಉದ್ದನೆಯ ಬೀದಿ. ಅದರ ಬಾಯಲ್ಲಿ 'ದಪ್ಪ ಮಾರ್ಗರೆಟ್' ಎಂದು ಕರೆಯಲಾಗುವ ಬುರುಜು ನಿಂತಿದೆ. ಈಗ ಅದು ಕಡಲು ವಸ್ತುಸಂಗ್ರಹಾಲಯದ ಭಾಗ. 2015ರಲ್ಲಿ ನಗರದಲ್ಲಿ ಕಟ್ಟಡದ ಅಡಿಪಾಯಕ್ಕೆ ನೆಲ ಅಗೆಯುವಾಗ ದೊರೆತ ಮಧ್ಯಯುಗದ ಸರಕು ಹಡಗಿನ ಅವಶೇಷವನ್ನು ಇಲ್ಲಿ ಇರಿಸಲಾಗಿದೆ. ಆ ಮರದ ಒಡಲಿನ ಮುಂದೆ ನಿಂತಾಗ ಆಗಿನ ಬಂಡವಾಳ ಎಂತಹ ಅಪಾಯಕ್ಕೆ ಒಡ್ಡಿಕೊಂಡಿತ್ತೆಂಬುದು ಅರಿವಾಗುತ್ತದೆ. ಒಂದು ಹಡಗು ಮುಳುಗಿದರೆ ಒಂದು ಮನೆತನವೇ ಮುಳುಗಿದಂತೆ. ಆದ್ದರಿಂದಲೇ ಅನುಭವಸ್ಥ ವರ್ತಕನು ತನ್ನ ಸರಕನ್ನು ಒಂದೇ ಹಡಗಿಗೆ ಹೇರದೆ ಹಲವು ಹಡಗುಗಳಲ್ಲಿ ಪಾಲು ಮಾಡಿ ಕಳುಹಿಸುತ್ತಿದ್ದನು.

ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ 'ಮೂವರು ಸೋದರಿಯರು' ಎಂಬ ಒತ್ತೊತ್ತಾಗಿ ನಿಂತ ಮೂರು ವರ್ತಕರ ಮನೆಗಳಿವೆ. ಈಗ ಅದು ಹೋಟೆಲು. ಹೊರಗಿನಿಂದ ತಲೆಯೆತ್ತಿ ನೋಡಿದರೆ ಮೇಲಿನ ಅಂತಸ್ತಿನಲ್ಲಿ ದೊಡ್ಡ ಕದಗಳೂ, ಅವುಗಳ ಮೇಲೆ ಬೀದಿಯತ್ತ ಚಾಚಿದ ತೊಲೆಯೂ ಕಾಣುತ್ತವೆ. ಆ ತೊಲೆಗೆ ರಾಟೆ ಕಟ್ಟಿ ಮೂಟೆಗಳನ್ನು ಅಟ್ಟಕ್ಕೆ ಎಳೆದುಕೊಳ್ಳುತ್ತಿದ್ದರು. ಮನೆಯ ರಚನೆ ಬಹು ಸರಳ: ಬೀದಿಗೆ ತೆರೆದ ಎತ್ತರದ ಪಡಸಾಲೆ ವ್ಯಾಪಾರದ ಮಾತುಕತೆಗೆ, ಅದರ ಹಿಂದೆ ನೆಲದಡಿಯ ಒಲೆಯಿಂದ ಬೆಚ್ಚಗಾಗುವ ಒಂದು ಕೋಣೆ ಸಂಸಾರಕ್ಕೆ, ಮೇಲಿನ ಅಂತಸ್ತುಗಳೆಲ್ಲ ಉಗ್ರಾಣ. ಮನೆಯ ಬಹುಭಾಗವನ್ನು ಸರಕಿಗೆ ಬಿಟ್ಟು, ಮನೆಯವರು ಒಂದು ಮೂಲೆಯಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದರು. ಅಂಗಡಿಯ ಮೇಲೆಯೇ ವಾಸವಿದ್ದು ಬೆಳೆದ ಮನೆತನಗಳವರಿಗೆ ಈ ನಕ್ಷೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಆ ಅಟ್ಟಗಳಲ್ಲಿ ಏನಿರುತ್ತಿತ್ತು? ಎಲ್ಲಕ್ಕಿಂತ ಹೆಚ್ಚಾಗಿ ಉಪ್ಪು. ಟಾಲಿನ್ ಉಪ್ಪಿನ ಮೇಲೆ ಕಟ್ಟಿದ ಊರೆಂಬ ಮಾತು ಅಲ್ಲಿ ಪ್ರಸಿದ್ಧವಾಗಿದೆ. ಜರ್ಮನಿಯ ಲ್ಯೂನೆಬುರ್ಗ್‌ನಿಂದಲೂ, ಫ್ರಾನ್ಸಿನ ಪಶ್ಚಿಮ ತೀರದ ಉಪ್ಪಿನ ಮಡಿಗಳಿಂದಲೂ ಬಂದ ಉಪ್ಪು ಇಲ್ಲಿಂದ ರಷ್ಯಾದ ನವ್‌ಗೊರೊದ್ ಕಡೆಗೆ ಸಾಗುತ್ತಿತ್ತು. ಮೀನು ಮಾಂಸಗಳನ್ನು ಚಳಿಗಾಲಕ್ಕೆ ಕೆಡದಂತೆ ಇಡಲು ಅದು ಅನಿವಾರ್ಯ. ಫ್ಲಾಂಡರ್ಸಿನ ಉಣ್ಣೆ ಬಟ್ಟೆ, ಹೆರಿಂಗ್ ಮೀನು, ಲೋಹಗಳೂ ಪೂರ್ವಕ್ಕೆ ಹೋಗುತ್ತಿದ್ದವು. ಪೂರ್ವದಿಂದ ತುಪ್ಪುಳು ಚರ್ಮ, ಜೇನುಮೇಣ, ಅಗಸೆ ನಾರು ಬರುತ್ತಿದ್ದವು. ಎಸ್ಟೋನಿಯದ್ದೇ ಆದ ರೈ ಧಾನ್ಯ ಪಶ್ಚಿಮಕ್ಕೆ ಹೋಗುತ್ತಿತ್ತು. ಭಾರತದ ಪಶ್ಚಿಮ ಕರಾವಳಿಯ ಮೆಣಸು ಕೂಡ ವೆನಿಸ್ ಮುಂತಾದ ಮಾರುಕಟ್ಟೆಗಳಲ್ಲಿ ಕೈ ಬದಲಾಯಿಸುತ್ತ ಕೊನೆಗೆ ಈ ಬಂದರುಗಳಿಗೆ ಬಂದು ಸೇರುತ್ತಿತ್ತು. ಜರ್ಮನ್ ಭಾಷೆಯಲ್ಲಿ ಹಣವಂತ ವರ್ತಕರನ್ನು ಹೀಯಾಳಿಸುವಾಗ 'ಮೆಣಸಿನ ಚೀಲಗಳು' ಎನ್ನುವ ವಾಡಿಕೆಯಿತ್ತು. ಚೀಲದೊಳಗಿನ ಮೆಣಸನ್ನು ಬೆಳೆದವರ ಹೆಸರು ಹೀಯಾಳಿಸಿದವರಿಗೂ ಗೊತ್ತಿರಲಿಲ್ಲ, ಹೀಯಾಳಿಸಿಕೊಂಡವರಿಗೂ ಗೊತ್ತಿರಲಿಲ್ಲ.

ಅದೇ ಬೀದಿಯ ಇನ್ನೊಂದು ಭಾಗದಲ್ಲಿ 'ಕರಿತಲೆಯವರ' ಮನೆಯಿದೆ. ಅವಿವಾಹಿತ ವರ್ತಕರು ಮತ್ತು ಹಡಗಿನ ಯಜಮಾನರ ಸಂಘವಿದು. ಸಂತ ಮೌರಿಸ್ ಇವರ ರಕ್ಷಕನಾದ್ದರಿಂದ ಬಾಗಿಲ ಮೇಲೆ ಅವನ ಕಪ್ಪು ಮುಖದ ಲಾಂಛನವಿದೆ. ಮುಂಭಾಗದ ಅಲಂಕಾರ 1597ರದು. ಸಂಘದ ಸದಸ್ಯನಿಗೆ ಮದುವೆಯಾಗಿ ಊರಿನಲ್ಲಿ ಮನೆ ಹೂಡಿದ ಮೇಲೆ ಎದುರಿನ ಮಹಾ ಗಿಲ್ಡ್ ಎಂಬ ಹಿರಿಯ ವರ್ತಕ ಸಂಘಕ್ಕೆ ಸೇರುವ ಅವಕಾಶ ಒದಗುತ್ತಿತ್ತು. ಮಹಾ ಗಿಲ್ಡಿನ ಸಭಾಂಗಣ 1410ರ ಸುಮಾರಿಗೆ ಪೂರ್ಣಗೊಂಡಿತು; ಇಂದು ಅಲ್ಲಿ ಎಸ್ಟೋನಿಯದ ಇತಿಹಾಸ ವಸ್ತುಸಂಗ್ರಹಾಲಯವಿದೆ. ಕದದ ಮೇಲಿನ ಸಿಂಹಮುಖದ ಕಂಚಿನ ಬಡಿಗೊಂಡೆಗಳನ್ನು ಮರೆಯದೆ ನೋಡತಕ್ಕದ್ದು.

ಈ ಸಭಾಂಗಣದ ಕಮಾನುಗಳ ಕೆಳಗೆ ಕುಳಿತು ಊರಿನ ಸೊಗಸನ್ನು ಕೊಂಡಾಡುವುದು ಸುಲಭ. ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ನಗರಸಭೆಯ ಸದಸ್ಯರಾಗುತ್ತಿದ್ದವರು ಮಹಾ ಗಿಲ್ಡಿನ ವರ್ತಕರೇ. ಅಕ್ಕಸಾಲಿಗ, ಚಮ್ಮಾರ, ಕಮ್ಮಾರ, ಕಲ್ಲುಕುಟಿಗ ಮೊದಲಾದ ಕುಶಲಕರ್ಮಿಗಳಿಗೆ ಸಂತ ಕಾನೂಟ್ ಮತ್ತು ಸಂತ ಓಲಾಫ್ ಹೆಸರಿನ ಬೇರೆ ಗಿಲ್ಡುಗಳಿದ್ದವು. ನಗರದ ಆಡಳಿತದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ತಯಾರಿಸುವವನು ಮಾರುವವನಿಗಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕಾಗಿತ್ತು. ಊರಿನ ಮೂಲ ನಿವಾಸಿಗಳಾದ ಎಸ್ಟೋನಿಯನ್ನರಂತೂ ಬಹುಮಟ್ಟಿಗೆ ಹಮಾಲಿ, ಬಂಡಿಯಾಳು, ಮನೆಗೆಲಸದವರಾಗಿಯೇ ಉಳಿದರು. ಪ್ರವಾಸಿ ಕೈಪಿಡಿಗಳು ಈ ಸಂಗತಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಚೌಕದ ಸುತ್ತ

ನಗರಸಭಾ ಭವನದ ಚೌಕ ಎಂಟು ಶತಮಾನಗಳ ಸಂತೆ ಮೈದಾನ. 1404ರಲ್ಲಿ ಪೂರ್ಣಗೊಂಡ ಭವನದ ಗೋಪುರದ ತುದಿಯಲ್ಲಿ 1530ರಲ್ಲಿ ಮೊದಲಿಗೆ ಏರಿಸಲಾದ 'ಮುದುಕ ಥಾಮಸ್' ಎಂಬ ಗಾಳಿಗೊಂಬೆಯಿದೆ. ಚೌಕದಲ್ಲಿ ಹಿಂದೆ ಒಂದು ತೂಕದ ಮನೆಯೂ ಇತ್ತು. 1944ರ ಮಾರ್ಚಿಯಲ್ಲಿ ಸೋವಿಯತ್ ವಿಮಾನಗಳು ನಡೆಸಿದ ಬಾಂಬು ದಾಳಿಯಲ್ಲಿ ಅದು ಹಾಳಾಯಿತು, ಅನಂತರ ತೆರವಾಯಿತು. ಸರ್ಕಾರಿ ತಕ್ಕಡಿಯಲ್ಲಿ ತೂಗದ ಸರಕಿನ ಮಾರಾಟಕ್ಕೆ ಬೆಲೆಯಿರದಿದ್ದ ಕಾಲದಲ್ಲಿ ಚರ್ಚು ಮತ್ತು ನಗರಸಭೆಗಳ ಜೊತೆಗೆ ಊರಿನ ನಂಬಿಕೆ ನಿಂತಿದ್ದ ಮೂರನೆಯ ಕಟ್ಟಡ ಅದು. ಉಳಿದದ್ದನ್ನೆಲ್ಲ ಇಷ್ಟು ಶ್ರದ್ಧೆಯಿಂದ ಕಾಪಾಡಿದ ಊರಿನಲ್ಲಿ ಅದೊಂದು ಇಲ್ಲವಾದುದು ವರ್ತಕನ ಕಣ್ಣಿಗೆ ಕೊರತೆಯೇ ಸರಿ.

ಚೌಕದ ಮೂಲೆಯ ಔಷಧಾಲಯ ಮಾತ್ರ ಇಂದಿಗೂ ವ್ಯಾಪಾರ ನಡೆಸುತ್ತಿದೆ. 1422ರ ದಾಖಲೆಯಲ್ಲಿ ಅದರ ಉಲ್ಲೇಖವಿದ್ದು, ಆ ವೇಳೆಗಾಗಲೇ ಅದು ಮೂರನೆಯ ಮಾಲೀಕರ ಕೈಯಲ್ಲಿತ್ತು. 1580ರ ದಶಕದಲ್ಲಿ ಬುರ್ಖಾರ್ಟ್ ಮನೆತನದ ವಶಕ್ಕೆ ಬಂದ ಈ ಅಂಗಡಿ 1911ರವರೆಗೂ ಅವರಲ್ಲೇ ಇತ್ತು. ತಲೆಮಾರಿನಿಂದ ತಲೆಮಾರಿಗೆ ಹಿರಿಯ ಮಗನಿಗೆ ಯೋಹಾನ್ ಎಂದೇ ಹೆಸರಿಡುವ ಪದ್ಧತಿ ಅವರದು. ಔಷಧದ ಜೊತೆಗೆ ಸಂಬಾರ ಪದಾರ್ಥ, ಮಿಠಾಯಿ, ಕಾಗದ, ಶಾಯಿ, ಕೋವಿಮದ್ದು ಎಲ್ಲವೂ ಅಲ್ಲಿ ದೊರೆಯುತ್ತಿತ್ತು. ಒಂದೇ ಅಂಗಡಿ ಒಂದೇ ಮನೆತನದಲ್ಲಿ ಮುನ್ನೂರು ವರ್ಷಕ್ಕೂ ಮಿಗಿಲಾಗಿ ನಿಂತದ್ದಕ್ಕೆ ಇಷ್ಟೊಂದು ಬಗೆಯ ಸರಕೂ ಒಂದು ಕಾರಣವಿದ್ದೀತು. ಬದಿಯ ಕೋಣೆಯಲ್ಲಿ ಹಳೆಯ ಔಷಧಿಗಳ ಪ್ರದರ್ಶನವಿದೆ; ಊಟಕ್ಕೆ ಮೊದಲು ಅದನ್ನು ನೋಡದಿರುವುದು ಒಳಿತು.

ಎರಡನೆಯ ದಿನ: ಉದ್ದ ಕಾಲು, ಗಿಡ್ಡ ಕಾಲು

ಕೆಳಗಿನ ಪೇಟೆಯಿಂದ ಟೂಂಪೆಯ ಎಂಬ ಗುಡ್ಡಕ್ಕೆ ಏರಲು ಎರಡು ದಾರಿಗಳಿವೆ. ಒಂದರ ಹೆಸರು ಉದ್ದ ಕಾಲು, ಇನ್ನೊಂದರದು ಗಿಡ್ಡ ಕಾಲು. ಒಂದು ಕಾಲು ಉದ್ದ, ಒಂದು ಗಿಡ್ಡವಾದ್ದರಿಂದ ಊರು ಕುಂಟುತ್ತದೆಂದು ಅಲ್ಲಿನವರು ತಮಾಷೆ ಮಾಡುತ್ತಾರೆ. ಗುಡ್ಡದ ಮೇಲೆ ಬಿಷಪ್ಪರೂ ಜಮೀನುದಾರ ಶ್ರೀಮಂತರೂ ಇದ್ದರು. ಮೇಲಿನವರಿಗೆ ಒಂದು ಕಾನೂನು, ಕೆಳಗಿನವರಿಗೆ ಇನ್ನೊಂದು. ನಡುವೆ ಗೋಡೆ, ರಾತ್ರಿ ಮುಚ್ಚುವ ಬಾಗಿಲು. ಆಡಳಿತದ ದೃಷ್ಟಿಯಿಂದ ಇವೆರಡೂ ಒಂದಾದದ್ದು 1870ರ ದಶಕದಲ್ಲಿ.

ಈ ವೈರಕ್ಕೆ ಸಾಕ್ಷಿಯಾದ ಒಂದು ಪ್ರಕರಣ ಹಾರ್ಯು ಬಾಗಿಲಿಗೆ ಸಂಬಂಧಿಸಿದ್ದು. ಜಮೀನುದಾರನಿಂದ ತಪ್ಪಿಸಿಕೊಂಡು ಬಂದ ಜೀತದ ರೈತನು ಪೇಟೆಯೊಳಗೆ ಒಂದು ವರ್ಷ ಒಂದು ದಿನ ಉಳಿದರೆ ಸ್ವತಂತ್ರನೆಂದು ನಗರದ ಪದ್ಧತಿ ಹೇಳುತ್ತಿತ್ತು. ಯೋಹಾನ್ ಫಾನ್ ಯುಕ್ಸ್‌ಕ್ಯುಲ್ ಎಂಬ ಶ್ರೀಮಂತನು ತನ್ನ ರೈತನೊಬ್ಬನನ್ನು ಕೊಂದನು. ಅನಂತರ ಅವನು ಪೇಟೆಯೊಳಗೆ ಕಾಲಿಟ್ಟಾಗ ನಗರಸಭೆ ಅವನನ್ನು ಹಿಡಿದು ವಿಚಾರಣೆ ನಡೆಸಿ, 1535ರಲ್ಲಿ ಹಾರ್ಯು ಬಾಗಿಲಿನಲ್ಲಿ ಶಿರಚ್ಛೇದ ಮಾಡಿಸಿತು. ರೈತನ ಪ್ರಾಣಕ್ಕೆ ಶ್ರೀಮಂತನ ತಲೆ ಬೀಳುವುದು ಆ ಕಾಲದ ಯುರೋಪಿನಲ್ಲಿ ಊಹಿಸಲೂ ಕಷ್ಟವಾದ ಸಂಗತಿ. ಕೆರಳಿದ ಶ್ರೀಮಂತ ವರ್ಗವನ್ನು ಸಮಾಧಾನಪಡಿಸಲು ಕೆಲವು ವರ್ಷಗಳ ಅನಂತರ ಆ ಬಾಗಿಲನ್ನೇ ಗೋಡೆ ಕಟ್ಟಿ ಮುಚ್ಚಲಾಯಿತು. ವರ್ತಕರು ಇದನ್ನು ಕೇವಲ ಕರುಣೆಯಿಂದ ಮಾಡಿದರೆನ್ನುವಂತಿಲ್ಲ, ಪೇಟೆಗೆ ಕೈಯಾಳುಗಳು ಬೇಕಾಗಿದ್ದರು. ಆದರೂ ತಮ್ಮ ಕಾನೂನು ತಮ್ಮ ಗೋಡೆಯೊಳಗೆ ಎಲ್ಲರಿಗೂ ಒಂದೇ ಎಂದು ತೋರಿಸಲು ಅವರು ದೊಡ್ಡ ಬೆಲೆಯನ್ನೇ ಕೊಡಲು ಸಿದ್ಧರಾದರು.

ಗುಡ್ಡದ ಮೇಲೆ 1900ರಲ್ಲಿ ಮುಗಿದ ರಷ್ಯನ್ ಶೈಲಿಯ ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚು, ಸಂಸತ್ ಭವನ ಮತ್ತು ಪೇಟೆಯನ್ನು ಮೇಲಿನಿಂದ ನೋಡುವ ಕಟ್ಟೆಗಳಿವೆ. ಬೆಳಿಗ್ಗೆ ಬೇಗ ಹೋದರೆ ಪ್ರವಾಸಿಗರ ಗುಂಪಿನಿಂದ ಪಾರಾಗಬಹುದು. ಇಳಿಯುವಾಗ ವರ್ತಕರ ರಕ್ಷಕನಾದ ಸಂತ ನಿಕೊಲಸನ ಹೆಸರಿನ ನಿಗುಲಿಸ್ಟೆ ಚರ್ಚು ಸಿಗುತ್ತದೆ. 1944ರ ದಾಳಿಯಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟ ಇದು ಈಗ ವಸ್ತುಸಂಗ್ರಹಾಲಯ. ಮಹಾ ಗಿಲ್ಡ್ ಮತ್ತು ಕರಿತಲೆಯವರು ಹಣ ಕೂಡಿಸಿ ಲ್ಯೂಬೆಕ್‌ನ ಹೆರ್ಮೆನ್ ರೋಡೆ ಎಂಬ ಕಲಾವಿದನಿಂದ ಮಾಡಿಸಿದ ಭಾರಿ ಪೀಠಫಲಕ 1481ರಲ್ಲಿ ಇಲ್ಲಿಗೆ ಬಂದಿತು. ಇನ್ನೊಂದು ಮಗ್ಗುಲಲ್ಲಿ ಬೆರ್ನ್ಟ್ ನೋಟ್ಕೆಯ 'ಸಾವಿನ ಕುಣಿತ' ಚಿತ್ರದ ಉಳಿದ ಭಾಗವಿದೆ. ಪೋಪ್, ಚಕ್ರವರ್ತಿ, ಮಹಾರಾಣಿ, ರಾಜರ ಕೈ ಹಿಡಿದು ಅಸ್ಥಿಪಂಜರಗಳು ಕುಣಿಯುತ್ತವೆ. ಇಂತಹ ಚಿತ್ರಗಳ ಸಾಲಿನಲ್ಲಿ ವರ್ತಕನೂ ಇರುವುದು ವಾಡಿಕೆ. ಇಲ್ಲಿ ಅವನ ಸರದಿ ಬರುವ ಮೊದಲೇ ಬಟ್ಟೆ ಮುಗಿದುಹೋಗಿದೆ.

ಒಂದೇ ಗಿರಾಕಿಯನ್ನು ನೆಚ್ಚಿದ ಊರು

ಇಷ್ಟೆಲ್ಲ ಸಂಪತ್ತು ಹೇಗೆ ಕರಗಿತೆಂಬುದು ವ್ಯಾಪಾರಿಗಳು ಕೇಳಲೇಬೇಕಾದ ಪ್ರಶ್ನೆ. ಟಾಲಿನ್‌ನ ಹೊಟ್ಟೆ ತುಂಬುತ್ತಿದ್ದುದು ರಷ್ಯಾದ ಮಾರ್ಗದಿಂದ. ಹಾದುಹೋಗುವ ಸರಕನ್ನು ಊರಿನಲ್ಲಿ ಇಳಿಸಿ ಇಲ್ಲಿನವರ ಮೂಲಕವೇ ಮಾರಿಸುವ ಹಕ್ಕನ್ನು ನಗರ ಪಡೆದುಕೊಂಡಿತ್ತು. ಹೊರಗಿನವರು ಹೊರಗಿನವರೊಡನೆ ನೇರವಾಗಿ ವ್ಯವಹರಿಸುವುದನ್ನು ಅದು ಸಹಿಸುತ್ತಿರಲಿಲ್ಲ. ನೆರೆಯ ನಾರ್ವಾ ಪಟ್ಟಣ ಹಾನ್ಸಾ ಒಕ್ಕೂಟಕ್ಕೆ ಸೇರಬಯಸಿದಾಗ ಅಡ್ಡ ನಿಂತದ್ದೂ ಟಾಲಿನ್ನೇ. ಪೈಪೋಟಿ ಬೆಳೆಯಬಾರದೆಂಬುದೊಂದೇ ಅದರ ಲೆಕ್ಕಾಚಾರ.

1494ರಲ್ಲಿ ಮಾಸ್ಕೋದ ಮೂರನೆಯ ಇವಾನನು ನವ್‌ಗೊರೊದಿನಲ್ಲಿದ್ದ ಹಾನ್ಸಾ ಮಳಿಗೆಯನ್ನು ಮುಚ್ಚಿಸಿ, ವರ್ತಕರನ್ನು ಸೆರೆಗೆ ಹಾಕಿ, ಸರಕನ್ನು ಮುಟ್ಟುಗೋಲು ಹಾಕಿಕೊಂಡನು. ಟಾಲಿನ್‌ನಲ್ಲಿ ಇಬ್ಬರು ರಷ್ಯನ್ನರಿಗೆ ಕ್ರೂರ ಮರಣದಂಡನೆ ವಿಧಿಸಿದ್ದು ಅದಕ್ಕೆ ನೆಪವಾಯಿತು. 1514ರಲ್ಲಿ ಮಳಿಗೆ ಮತ್ತೆ ತೆರೆಯಿತಾದರೂ ಹಳೆಯ ವೈಭವ ಮರಳಲಿಲ್ಲ. 1558ರಲ್ಲಿ ರಷ್ಯನ್ನರು ನಾರ್ವಾವನ್ನೇ ವಶಪಡಿಸಿಕೊಂಡರು. ಪಶ್ಚಿಮದ ಹಡಗುಗಳು ಟಾಲಿನ್‌ನ ಕಣ್ಣೆದುರೇ ಆ ಬಂದರಿನತ್ತ ಸಾಗಿದವು. ಯಾವ ಊರನ್ನು ಬೆಳೆಯಗೊಡಬಾರದೆಂದು ತಡೆದಿದ್ದರೋ ಆ ಊರೇ ವ್ಯಾಪಾರ ಕಸಿಯಿತು. 1561ರಲ್ಲಿ ನಗರ ಸ್ವೀಡನ್ನಿನ ಆಶ್ರಯಕ್ಕೆ ಹೋಯಿತು, 1710ರಲ್ಲಿ ರಷ್ಯಾದ ಮಹಾ ಪೀಟರನಿಗೆ ಶರಣಾಯಿತು. ಹಳೆಯ ಪೇಟೆ ಇಷ್ಟು ಸುಂದರವಾಗಿ ಉಳಿದುದಕ್ಕೆ ಈ ಹಿನ್ನಡೆಯೂ ಕಾರಣ. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಮಾಲೀಕರಲ್ಲಿ ಹಣವಿರಲಿಲ್ಲ.

ಇದೇ ಕಥೆ ಇತ್ತೀಚೆಗೆ ಇನ್ನೊಮ್ಮೆ ನಡೆಯಿತು. 1991ರ ಆಗಸ್ಟ್ 20ರಂದು ಎಸ್ಟೋನಿಯ ಸ್ವಾತಂತ್ರ್ಯವನ್ನು ಮರಳಿ ಘೋಷಿಸಿತು. 1992ರ ಜೂನ್‌ನಲ್ಲಿ ರೂಬಲ್ ಬಿಟ್ಟು ತನ್ನದೇ ಕ್ರೋನ್ ನಾಣ್ಯ ತಂದಿತು; ಒಬ್ಬೊಬ್ಬ ನಿವಾಸಿಗೆ 1,500 ರೂಬಲ್‌ಗಳಿಗೆ ಪ್ರತಿಯಾಗಿ 150 ಕ್ರೋನ್ ಮಾತ್ರ ದೊರೆಯಿತು. ಸೋವಿಯತ್ ಮಾರುಕಟ್ಟೆಯನ್ನೇ ನಂಬಿದ್ದ ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಬಂದರು ಮಾತ್ರ ರಷ್ಯಾದ ತೈಲ ಮತ್ತಿತರ ಸರಕನ್ನು ಪಶ್ಚಿಮಕ್ಕೆ ಸಾಗಿಸಿ ಬಹುಕಾಲ ಗಳಿಸಿತು. 2007ರ ರಾಜಕೀಯ ವಿರಸದ ಅನಂತರ ಅದು ಇಳಿಮುಖವಾಯಿತು, 2022ರ ಯುಕ್ರೇನ್ ಯುದ್ಧದ ಬಳಿಕ ತೀವ್ರವಾಗಿ ಕುಸಿಯಿತು. ಈ ಬಾರಿ ಊರು ಹಿಂದಿನಂತೆ ಬರಿಗೈಯಾಗಲಿಲ್ಲ. ಅಷ್ಟರಲ್ಲಿ ಅದು 2004ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಸೇರಿ, 2011ರಲ್ಲಿ ಯೂರೋ ನಾಣ್ಯ ಅಳವಡಿಸಿಕೊಂಡು, ಗಣಕ ತಂತ್ರಾಂಶ ಮತ್ತು ಸೇವಾ ಉದ್ಯಮಗಳಲ್ಲಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತ್ತು.

ಮೂರನೆಯ ದಿನ: ಕಾರ್ಖಾನೆಗಳ ಮರುಹುಟ್ಟು

ಸಣ್ಣ ಕೈಗಾರಿಕೋದ್ಯಮಿಗಳು ಕೊನೆಯ ದಿನವನ್ನು ಕೋಟೆಯ ಹೊರಗೆ ಕಳೆಯುವುದು ಉತ್ತಮ. ಬಂದರಿಗೂ ಹಳೆಯ ಪೇಟೆಗೂ ನಡುವೆ ರೋಟರ್ಮನ್ ಬಡಾವಣೆಯಿದೆ. 19ನೆಯ ಶತಮಾನದ ಹಿಟ್ಟಿನ ಗಿರಣಿ, ಬ್ರೆಡ್ ಕಾರ್ಖಾನೆ, ಗೋದಾಮುಗಳು ಪಾಳುಬಿದ್ದು, ರಷ್ಯನ್ ನಿರ್ದೇಶಕ ತಾರ್ಕೋವ್‌ಸ್ಕಿ ತನ್ನ 'ಸ್ಟಾಕರ್' ಚಲನಚಿತ್ರದ ಕೆಲವು ದೃಶ್ಯಗಳಿಗೆ ಆರಿಸಿಕೊಳ್ಳುವಷ್ಟು ಭಣಗುಡುತ್ತಿದ್ದವು. ಈಗ ಅದೇ ಗೋಡೆಗಳ ಮೇಲೆ ಕಚೇರಿ, ಅಂಗಡಿ, ಮನೆಗಳು ಎದ್ದಿವೆ. ರೈಲು ನಿಲ್ದಾಣದ ಆಚೆಗಿನ ಟೆಲಿಸ್ಕಿವಿಯಲ್ಲಿ ಹಳೆಯ ಕಾರ್ಖಾನೆಯ ಷೆಡ್ಡುಗಳನ್ನು ಸಣ್ಣ ಸಣ್ಣ ಭಾಗ ಮಾಡಿ ಬಾಡಿಗೆಗೆ ಕೊಡಲಾಗಿದೆ. ಚರ್ಮದ ಕೆಲಸ, ಉಡುಪು, ಕುಂಬಾರಿಕೆ, ಮುದ್ರಣ ಎಲ್ಲಕ್ಕೂ ಅಲ್ಲಿ ಜಾಗವಿದೆ. ಮುಚ್ಚಿದ ಗಿರಣಿಗಳ ಮುಂದೆ ನಿಂತು ನಿಟ್ಟುಸಿರು ಬಿಡುವ ಊರುಗಳವರು ಇಲ್ಲಿ ಅರ್ಧ ದಿನ ಅಡ್ಡಾಡುವುದು ವ್ಯರ್ಥವಾಗದು.

ಎಂಜಿನಿಯರಿಂಗ್‌ನಲ್ಲಿ ಆಸಕ್ತಿಯುಳ್ಳವರು ಲೆನ್ನುಸಾದಮ್ ಎಂಬ ಕಡಲ ವಿಮಾನಗಳ ಬಂದರನ್ನು ತಪ್ಪಿಸಬಾರದು. 1916-17ರಲ್ಲಿ ಡೆನ್ಮಾರ್ಕಿನ ಸಂಸ್ಥೆಯೊಂದು ಕಟ್ಟಿದ ಇದರ ಛಾವಣಿ ನಡುವೆ ಕಂಬವೇ ಇಲ್ಲದ, ತೆಳುವಾದ ಕಾಂಕ್ರೀಟ್ ಗುಮ್ಮಟಗಳದು. 2012ರಿಂದ ಇದು ವಸ್ತುಸಂಗ್ರಹಾಲಯ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ತಯಾರಾದ 'ಲೆಂಬಿಟ್' ಎಂಬ ಜಲಾಂತರ್ಗಾಮಿಯೊಳಗೆ ಇಳಿದು ನೋಡಬಹುದು.

ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ. ಕಪ್ಪು ರೈ ಬ್ರೆಡ್, ಅಣಬೆ, ಆಲೂಗಡ್ಡೆ ಎಲ್ಲೆಡೆ ಇವೆ. ಭಾರತೀಯ ಊಟದ ಮನೆಗಳೂ ಇವೆ. ಬಾರ್ಲಿ, ರೈ, ಓಟ್ಸ್, ಬಟಾಣಿಗಳನ್ನು ಹುರಿದು ಬೀಸಿದ 'ಕಾಮ' ಎಂಬ ಹಿಟ್ಟನ್ನು ಅಲ್ಲಿನವರು ಹುಳಿ ಹಾಲಿನಲ್ಲಿ ಕಲಸಿ ಸೇವಿಸುತ್ತಾರೆ. ಮಜ್ಜಿಗೆಯಲ್ಲಿ ಹುರಿಹಿಟ್ಟು ಕಲಸಿ ಉಂಡವರಿಗೆ ಅದು ಪರಕೀಯವೆನಿಸುವುದಿಲ್ಲ.

ಹೊರಡುವ ಮುನ್ನ

ಎಸ್ಟೋನಿಯ 2007ರ ಡಿಸೆಂಬರ್‌ನಿಂದ ಷೆಂಗೆನ್ ವಲಯದಲ್ಲಿದೆ. ಆದ್ದರಿಂದ ಫಿನ್‌ಲ್ಯಾಂಡಿಗೆ ಪಡೆದ ಷೆಂಗೆನ್ ವೀಸಾ ಸಾಮಾನ್ಯವಾಗಿ ಇಲ್ಲಿಗೂ ಸಲ್ಲುತ್ತದೆ. ಆದರೆ ಹೆಚ್ಚು ದಿನ ತಂಗುವ ದೇಶದ ದೂತಾವಾಸಕ್ಕೇ ಅರ್ಜಿ ಸಲ್ಲಿಸಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಕನಿಷ್ಠ ಹದಿನೈದು ದಿನ ಮೊದಲು ಅರ್ಜಿ ಕೊಡಬೇಕೆಂಬುದು ನಿಯಮ. ಬೇಸಿಗೆಯಲ್ಲಿ ಇನ್ನೂ ಬಹಳ ಮೊದಲೇ ಕೊಡುವುದು ಜಾಣತನ. ಜೂನ್ ತಿಂಗಳಲ್ಲಿ ಹಗಲು ಹದಿನೆಂಟು ಗಂಟೆಗೂ ಹೆಚ್ಚು. ಡಿಸೆಂಬರ್‌ನಲ್ಲಿ ಆರು ಗಂಟೆ ಮಾತ್ರ. ಚಳಿಗಾಲದಲ್ಲಿ ಹಲವು ಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ಬೀದಿಗಳೆಲ್ಲ ಗುಂಡುಕಲ್ಲಿನವಾದ್ದರಿಂದ ತೊಗಲು ಅಟ್ಟೆಯ ಬೂಟು ಬಿಟ್ಟು ಹಿಡಿತವಿರುವ ಪಾದರಕ್ಷೆ ಧರಿಸುವುದು ಲೇಸು.

2014ರಲ್ಲಿ ಆರಂಭವಾದ ಇ-ರೆಸಿಡೆನ್ಸಿ ಯೋಜನೆಯ ಬಗ್ಗೆ ಅಲ್ಲಿ ಬಹಳ ಕೇಳಿಬರುತ್ತದೆ. ಹೊರದೇಶದಲ್ಲಿದ್ದುಕೊಂಡೇ ಗಣಕದ ಮೂಲಕ ಎಸ್ಟೋನಿಯದಲ್ಲಿ ಕಂಪನಿ ನೋಂದಾಯಿಸಲು ಅದು ಅವಕಾಶ ಕೊಡುತ್ತದೆ. ಲಾಭವನ್ನು ಹಂಚದೆ ಉದ್ಯಮದಲ್ಲೇ ಉಳಿಸಿದರೆ ಅಲ್ಲಿ ಕಂಪನಿಯ ಮೇಲೆ ಆದಾಯ ತೆರಿಗೆಯಿಲ್ಲವೆಂಬುದೂ ಆಕರ್ಷಕವೇ. ಆದರೆ ಅದು ಪೌರತ್ವವಲ್ಲ, ವೀಸಾ ಅಲ್ಲ, ವಾಸದ ಹಕ್ಕೂ ಅಲ್ಲ. ಭಾರತದಲ್ಲಿ ಕುಳಿತು ನಡೆಸುವ ಕಂಪನಿಗೆ ಇಲ್ಲಿನ ತೆರಿಗೆ ಹಾಗೂ ವಿದೇಶಿ ವಿನಿಮಯ ಕಾನೂನುಗಳು ಅನ್ವಯಿಸಬಹುದಾದ್ದರಿಂದ, ಅರ್ಜಿ ತುಂಬುವ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸತಕ್ಕದ್ದು.

ಹೆಲ್ಸಿಂಕಿಗೆ ಮರಳುವ ಹಡಗುಗಳು ಬೆಳಗಿನಿಂದ ರಾತ್ರಿಯವರೆಗೆ ಇವೆ. ಹಳೆಯ ಪೇಟೆಯಿಂದ ಬಂದರಿಗೆ ನಡೆದೇ ಹೋಗಬಹುದು. ಬಂದರಿನಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿರುವುದರಿಂದ ಚೀಟಿಯ ಮೇಲೆ ಯಾವ ನಿಲ್ದಾಣವೆಂದು ನಮೂದಾಗಿದೆಯೋ ಅದನ್ನು ಮೊದಲೇ ನೋಡಿಕೊಳ್ಳಬೇಕು. ಹಡಗು ಹೊರಡುವುದಕ್ಕೆ ಸಾಕಷ್ಟು ಮುಂಚೆಯೇ ಪ್ರವೇಶದ ಬಾಗಿಲು ಮುಚ್ಚುತ್ತದೆ.